ಆರಡಿ ದೂರ ಇಡಬೇಕಿದ್ದ ದೀಪ

ಹಾವೇರಿ
೧೮ ಫೆಬ್ರವರಿ ೨೦೦೮

ಶಿವಾನಂದ ಸರ್ ಅವರಿಗೆ ಶ್ರೀದೇವಿಯ ನಮಸ್ಕಾರ.

ಹೌದು ಸರ್, ಆರಡಿ ಅಂತಲೇ ನೀವು ಬರೆದಿದ್ದಿರಿ. ಹಾಲೋಜನ್ ದೀಪವನ್ನು ವಸ್ತುವಿನಿಂದ ಆರಡಿ ದೂರ ಇಡಿ, ಐದು ನಿಮಿಷಕ್ಕೊಮ್ಮೆ ಆರಿಸಿ. ನಿನ್ನೆ ಆ ಪ್ರಿಂಟನ್ನು ಹುಡುಕಿ ತೆಗೆದು ಮತ್ತೆ ಓದಿದೆ. ಒಂದು ವೇಳೆ ನೀವು ಬರೆಯದೆ ಬಿಟ್ಟಿದ್ದರೆ ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟಿ ನಿದ್ದೆ ಮಾಡಬಹುದಿತ್ತು. ಬಿಟ್ಟಿಲ್ಲ. ಆ ಸಾಲಿನ ಕೆಳಗೆ ನಾನೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಗೆರೆ ಎಳೆದೂ ದೀಪವನ್ನು ಎರಡಡಿಗೆ ಇಟ್ಟೆ.

ಇಂಟರ್ನೆಟ್ಟಿನ ನಮ್ಮ ಫೋಟೋ ಬಳಗದಲ್ಲಿ ನೀವು ನನ್ನನ್ನು 'ಹಾವೇರಿ ಹುಡುಗಿ' ಎಂಬ ಹೆಸರಿನಿಂದ ಬಲ್ಲಿರಿ. ಪ್ರತಿ ಪೋಸ್ಟಿಗೂ ಮೂರು ಪ್ರಶ್ನೆ ಕೇಳುವವಳು. ನಿಮ್ಮ 'ಐನೂರು ರೂಪಾಯಿಯೊಳಗೆ ಸ್ಟುಡಿಯೋ ಬೆಳಕು' ಥ್ರೆಡ್ಡನ್ನು ಸೈಬರ್ ಕೆಫೆಯಲ್ಲಿ ಹದಿನಾಲ್ಕು ಪುಟ ಪ್ರಿಂಟ್ ತೆಗೆಸಿ, ಬಿ.ಎ. ನೋಟ್ಸಿಗಿಂತ ಹೆಚ್ಚು ಸಲ ಓದಿದವಳು. ಇದನ್ನೂ ಅಲ್ಲಿಯೇ ಬರೆಯಬಹುದಿತ್ತು. ಆದರೆ ನಿಮ್ಮ ಪುಟದಲ್ಲಿ ಸ್ಕ್ರ್ಯಾಪ್ ಬರೆದು ಹಾಕಿದರೆ ಊರೆಲ್ಲ ಓದುತ್ತದೆ. ಅಮ್ಮನ ಪಾಸ್‌ಪೋರ್ಟ್ ಸೈಜಿನ ಫೋಟೋ ಬಂದಿದ್ದ ನಿಮ್ಮ ಸ್ಟುಡಿಯೋದ ಲಕೋಟೆ ಮನೆಯಲ್ಲಿತ್ತು, ಅದರ ಹಿಂದೆ ರಾಣೇಬೆನ್ನೂರಿನ ವಿಳಾಸ ಸಿಕ್ಕಿತು. ಎರಡು ವರ್ಷ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕುಟ್ಟಿ ಕೈಗೆ ಪೆನ್ನಿನ ಅಭ್ಯಾಸವೇ ತಪ್ಪಿದೆ. ಈಗಲೇ ಬೆರಳು ನೋಯುತ್ತಿದೆ.

ದೀಪ ಕಟ್ಟಿದ ಕಥೆ ನಿಮಗೆ ಅರ್ಧ ಗೊತ್ತು. ಟಿ.ವಿ. ಡಬ್ಬಿಯ ಥರ್ಮಾಕೋಲ್ ಹಾಳೆಯನ್ನು ನೆರಳು ತುಂಬಲು ಒಂದು ಬದಿ ನಿಲ್ಲಿಸಿದೆ. ಹಿಂದೆ ಅಜ್ಜನ ಕರಿ ಕಂಬಳಿ. ಬೆಳಕು ಮೆದುವಾಗಲು ದೀಪದ ಮುಂದೆ ಕಟ್ಟಿಗೆಯ ಚೌಕಟ್ಟಿಗೆ ಬಟರ್ ಪೇಪರ್. ಕ್ಯಾಮೆರಾ ನಮ್ಮ ಮಾವನದು, ಮೂರು ಮೆಗಾಪಿಕ್ಸೆಲ್. ದೀಪ ಮಾತ್ರ ಸಿಗಲೊಲ್ಲದು. ಕೊನೆಗೆ ಮೈಕ್ ಸೆಟ್ಟಿನ ಮಾಲತೇಶಪ್ಪನ ಅಂಗಡಿಗೆ ಹೋಗಿ, ಮದುವೆ ಪೆಂಡಾಲಿನಲ್ಲಿ ಹಚ್ಚುವ ಐನೂರು ವ್ಯಾಟಿನ ಹಾಲೋಜನ್ ಕೇಳಿದೆ. ಅವನು ಅದನ್ನು ಮೈಕಿನ ಸ್ಟ್ಯಾಂಡಿಗೆ ಕಟ್ಟಿಕೊಡುತ್ತ, "ಮದುವಿಗೆ ಒಯ್ತಾರ, ನಾಟಕಕ್ಕ ಒಯ್ತಾರ. ನೀ ಮನ್ಯಾಗ ಇದನ್ನ ಹಚ್ಚಿ ಏನ್ ಮಾಡ್ತೀಯವ್ವಾ, ಒಗದ ಅರಬಿ ಒಣಗಸ್ತೀ ಏನು?" ಎಂದ. ನಾನು ನಕ್ಕೆ. ನಿಮ್ಮ ಥ್ರೆಡ್ ಓದದವರಿಗೆ ಬೆಳಕಿನ ವಿಷಯ ಏನು ಗೊತ್ತು ಅಂದುಕೊಂಡೆ.

ಇನ್ನು ಗೊತ್ತಿಲ್ಲದ ಅರ್ಧ.

ನಮ್ಮ ಪಕ್ಕದ ಮನೆ ದೌಲತಬಿ ಚಾಚಿಯದು. ಏಲಕ್ಕಿ ಹಾರ ಮಾಡುತ್ತಾರೆ. ಅವರ ಗಂಡ ಮಲ್ಲಿಕಸಾಬರು ಅಂಗಡಿಯಲ್ಲಿ ಕೂತು ಆರ್ಡರ್ ಹಿಡಿಯುತ್ತಾರೆ, ಚಾಚಿ ಒಳಮನೆಯ ಕಿಟಕಿಯ ಹತ್ತಿರ ಕೂತು ಪೋಣಿಸುತ್ತಾರೆ. ಒಂದೊಂದು ಕಾಯಿಯನ್ನೂ ಬೆರಳ ನಡುವೆ ಉರುಳಿಸಿ, ಬಾಯಿ ಬಿಟ್ಟದ್ದನ್ನು ಬದಿಗೆ ಹಾಕಿ, ಗಟ್ಟಿ ಇದ್ದದ್ದಕ್ಕೆ ಮಾತ್ರ ಸೂಜಿ. ನನಗೆ ಬುದ್ಧಿ ತಿಳಿದಾಗಿನಿಂದ ಆ ಕಿಟಕಿಯಲ್ಲಿ ಅವರನ್ನು ಬಿಟ್ಟು ಬೇರೆ ಯಾರನ್ನೂ ನೋಡಿಲ್ಲ.

ಜನವರಿ ಕೊನೆಯ ವಾರ ಐದೆಳೆಯ ದೊಡ್ಡ ಹಾರವೊಂದು ತಯಾರಾಗಿತ್ತು. ಯಾರಿಗೆ ಎಂದು ಕೇಳಿದೆ. ಬ್ಯಾಡಗಿಯಲ್ಲಿ ಫೋಟೋಗ್ರಾಫರ್ ಸಂಘದವರು ಯಾರಿಗೋ ಸನ್ಮಾನ ಇಟ್ಟುಕೊಂಡಿದ್ದಾರೆ, ರಾಣೇಬೆನ್ನೂರಿನವರಂತೆ, ಮೂವತ್ತು ವರ್ಷ ಸ್ಟುಡಿಯೋ ನಡೆಸಿದವರಂತೆ ಎಂದರು ಮಲ್ಲಿಕಸಾಬರು. ಸರ್, ಅದು ನೀವೇ ಎಂದು ಗೊತ್ತಾಯಿತು. ಆ ಹಾರದ ಫೋಟೋ ತೆಗೆಯಬೇಕು, ನಿಮ್ಮ ಕೊರಳಿಗೆ ಅದು ಬಿದ್ದ ಸಂಜೆಯೇ ಥ್ರೆಡ್ಡಿಗೆ ಹಾಕಬೇಕು, ಆಮೇಲೆ ಇದು ನಿಮ್ಮದೇ ಹಾರ, ನೀವೇ ಕಲಿಸಿದ ಬೆಳಕು ಎಂದು ಹೇಳಬೇಕು. ಇಷ್ಟೇ ಆಸೆ.

ಚಾಚಿ ಒಂದು ಮಾತು ಕೇಳದೆ ಕೊಟ್ಟರು. "ಕೂಸಿನಂಗ ಹಿಡಿ. ಬಗಲಾಗ ಅಲ್ಲ, ಎರಡೂ ಕೈಯಾಗ. ನಾಳೆ ಮುಂಜಾನಿ ಬ್ಯಾಡಗಿಯವರು ಬರ್ತಾರ," ಎಂದಷ್ಟೇ ಹೇಳಿದರು. ಒಂದು ತಾಸು ಎಂದು ನಾನು ತಂದದ್ದು.

ಮಧ್ಯಾಹ್ನ ಎರಡಕ್ಕೆ ಕರೆಂಟ್ ಬಂತು, ಐದಕ್ಕೆ ಮತ್ತೆ ಹೋಗುವುದಿತ್ತು. ಕಿಟಕಿಗೆ ಚಾದರ ಕಟ್ಟಿ ದೀಪ ಹಚ್ಚಿದೆ. ಆರಡಿಗೆ ಇಟ್ಟರೆ ಆ ಪುಟ್ಟ ಕ್ಯಾಮೆರಾದಲ್ಲಿ ಎಲ್ಲ ಮಂಜು ಮಂಜು. ನಾಲ್ಕಡಿಗೆ ತಂದೆ, ಮೂರಡಿಗೆ ತಂದೆ. ಎರಡಡಿಗೆ ಬಂದಾಗ ಪ್ರತಿ ಕಾಯಿಯ ಮೇಲಿನ ಗೆರೆ ಎದ್ದು ನಿಂತಿತು. ಆಮೇಲೆ ದೀಪ ಆರಿಸಲು ಮನಸ್ಸೇ ಬರಲಿಲ್ಲ. ಬಟರ್ ಪೇಪರ್ ಎರಡು ಸಲ ಕಂದಿತು, ಎರಡು ಸಲ ಹೊಸದು ಹಚ್ಚಿದೆ. ಕಾಗದ ಕಂದಿದ್ದು ಕಂಡಿತು ನೋಡಿ, ಹಾರ ಕಾದದ್ದು ಕಾಣಲಿಲ್ಲ. ಮನೆ ತುಂಬ ಏಲಕ್ಕಿ ಘಮ ಎದ್ದಿತು. ಪಡಸಾಲೆಯಲ್ಲಿ ಮಲಗಿದ್ದ ನಮ್ಮ ಗುತ್ತೆವ್ವ ಅಜ್ಜಿ ಎದ್ದು ಕೂತು, "ಯಾರ ಮನ್ಯಾಗ ಹೋಳಿಗಿ ಮಾಡಾಕತ್ತಾರ? ನಮಗೊಂದು ಮಾತರ ಹೇಳಬಾರದಾ?" ಎಂದಳು. ನಾನು ಅದಕ್ಕೂ ನಕ್ಕೆ.

ಆಮೇಲೆ 'ಚಟ್' ಎಂಬ ಸಣ್ಣ ಸದ್ದು. ಬಲ್ಬ್ ಒಡೆಯಿತೇನೋ ಎಂದು ನೋಡಿದರೆ ಬಲ್ಬ್ ಸರಿಯಾಗಿದೆ. ಮತ್ತೊಂದು ಸದ್ದು. ಹಾರದ ಮೇಲೆ ಕೈ ಇಟ್ಟೆ, ಹಂಚಿನ ಹಾಗೆ ಸುಡುತ್ತಿತ್ತು. ಕೆಲವು ಕಾಯಿ ಒಣಗಿ ಬಾಯಿ ಬಿಟ್ಟಿದ್ದವು. ಕಂಡವನ್ನು ಹಿಂಬದಿಗೆ ತಿರುಗಿಸಿ, ಸರಿ ಮಾಡಿ, ಐದು ಗಂಟೆಗೆ ಹಾರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟೆ. ಚಾಚಿ ಬಿಚ್ಚಿ ನೋಡಲಿಲ್ಲ. ನಾನು ಕೊಟ್ಟದ್ದು ಎಂದು ನೋಡಲಿಲ್ಲ. ಹಾಗೆಯೇ ಡಬ್ಬಿಯಲ್ಲಿಟ್ಟು ಮುಚ್ಚಿದರು.

ಮುಂದಿನದು ನೀವೇ ಬರೆದಿದ್ದೀರಿ. ಅಧ್ಯಕ್ಷರು ಹಾರ ಹಾಕಿದ ಕೂಡಲೇ ಕಾಯಿ ಉದುರಿದ್ದು, ಬೀಜ ನಿಮ್ಮ ಅಂಗಿಯ ಕಾಲರಿನೊಳಗೆ ಇಳಿದದ್ದು, ಸಭೆ ನಕ್ಕಿದ್ದು. 'ಹಾವೇರಿ ಹಾರದ ಹೆಸರು ಮಾತ್ರ ಉಳಿದೈತಿ, ಕೈ ಹೋಗ್ಯಾವ' ಎಂದು ಮರುದಿನ ಸೋಮವಾರ ಥ್ರೆಡ್ಡಿನಲ್ಲಿ ಹಾಕಿದಿರಿ. ಅದರ ಕೆಳಗೆ ನಲವತ್ತಮೂರು ಉತ್ತರ. ಏಲಕ್ಕಿ ಬದಲು ಶೇಂಗಾ ಪೋಣಿಸಲಿ ಎಂದು ಒಬ್ಬ. ಮುದುಕರ ಕೈಯಲ್ಲಿ ಕೆಲಸ ಮಾಡಿಸಿದರೆ ಇಷ್ಟೇ ಎಂದು ಇನ್ನೊಬ್ಬ. ಪ್ರತಿಯೊಂದಕ್ಕೂ ಉತ್ತರ ಕೊಡುವ 'ಹಾವೇರಿ ಹುಡುಗಿ' ಅವತ್ತು ಒಂದಕ್ಷರ ಬರೆಯಲಿಲ್ಲ. ನೀವು ಗಮನಿಸಿರಲಿಕ್ಕಿಲ್ಲ.

ಅವತ್ತೇ ಸಂಘದವರೊಬ್ಬರು ಉದುರಿದ ಕಾಯಿಗಳನ್ನು ಪೇಪರಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಬಂದರು. "ಸಾಬರ, ಮಂದಿ ಚಪ್ಪಾಳಿ ಹೊಡ್ಯೂದು ಬಿಟ್ಟು ಏಲಕ್ಕಿ ಆರಸ್ಕೋತ ಕುಂತ್ರು. ತಗೋರಿ, ಚಾದಾಗ ಹಾಕಾಕರ ಬರ್ತಾವ," ಎಂದರು. ಮಲ್ಲಿಕಸಾಬರು ಪೊಟ್ಟಣ ಒಳಗೆ ತಂದುಕೊಟ್ಟರು. ನಾನು ಅಲ್ಲಿಯೇ ಇದ್ದೆ. ಚಾಚಿ ಒಂದೊಂದೇ ಕಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೊನೆಯದನ್ನು ಕೆಳಗಿಟ್ಟು, "ಕಣ್ಣು ಮೋಸ ಮಾಡಿದ್ವು ನೋಡು. ಒಡದದ್ದು ಯಾವುದು, ಗಟ್ಟಿದು ಯಾವುದು ನನಗ ತಿಳೀಲಿಲ್ಲ," ಎಂದರು. ಸೂಜಿಯನ್ನು ಡಬ್ಬಿಯಲ್ಲಿಟ್ಟರು.

ಮೂರು ವಾರವಾಯಿತು, ಅದನ್ನು ತೆಗೆದಿಲ್ಲ. ಗಳಗನಾಥದ ಕಡೆಯ ಮದುವೆಯ ಆರ್ಡರನ್ನು ಮಲ್ಲಿಕಸಾಬರು ವಾಪಸ್ ಮಾಡಿದರು. ನಾನು ದಿನಾ ಕಾಲೇಜು ಮುಗಿಸಿ ಹೋಗುತ್ತೇನೆ, ಹತ್ತು ಸೂಜಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಬರುತ್ತೇನೆ. ಮರುದಿನ ಹತ್ತೂ ಹಾಗೇ ಇರುತ್ತವೆ. ದಾರ ಬಿಚ್ಚಿ ಮತ್ತೆ ಪೋಣಿಸುತ್ತೇನೆ. ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆ. ವಯಸ್ಸಿಗೆ ಕಣ್ಣು ಚೆನ್ನಾಗಿವೆ, ಈಗಿರುವ ಚಷ್ಮಾ ಸಾಕು ಎಂದರು ಅವರು. ಹೊರಗೆ ಬಂದ ಮೇಲೆ ಚಾಚಿ, "ಆ ಹುಡುಗಗ ಏನ್ ತಿಳೀತೈತಿ? ಅಂವ ಯಾವತ್ತರ ಏಲಕ್ಕಿ ಪೋಣಿಸ್ಯಾನೇನು?" ಎಂದು ಕೇಳಿದರು. ನನಗೆ ನಗು ಬರಲಿಲ್ಲ.

ಹೇಳಲೇ ಇಲ್ಲ ಅಂದುಕೊಳ್ಳಬೇಡಿ. ಹೋದ ಗುರುವಾರ ಹೇಳಿದೆ. "ಚಾಚಿ, ಅದು ನಿಮ್ಮ ಕಣ್ಣಲ್ಲರಿ, ನನ್ನ ಲೈಟು. ಶಾಖಕ್ಕ ಒಡದಾವು." ಅವರು ನನ್ನ ತಲೆ ಸವರಿದರು. "ಬೆಳಕಿಗೆ ಎಲ್ಲೆರ ಹಾರ ಉದುರತಾವೇನು? ಹಂಗಿದ್ರ ಬಿಸಲಾಗ ಮೆರವಣಿಗಿ ಹೋಗೋ ಮದುಮಗನ ಕೊಳ್ಳಾಗ ಒಂದೂ ಉಳೀತಿದ್ದಿಲ್ಲ. ನನ್ನ ಸಮಾಧಾನಕ್ಕ ಸುಳ್ಳು ಹೇಳಬ್ಯಾಡ. ಬಾ, ಚಾ ಕುಡಿ." ನಾನು ಚಹಾ ಕುಡಿದೆ ಸರ್. ಎರಡನೇ ಸಲ ಹೇಳಲಿಲ್ಲ. ಹೇಳಿದ್ದಾದರೂ ಹೇಗೆ? ಅರ್ಧ ನಗುತ್ತ, ನಂಬದಿದ್ದರೆ ಒಳ್ಳೆಯದು ಎನ್ನುವ ಹಾಗೆ. ಆ ಚಹಾ ಒಳಗೆ ಇಳಿಯುವಾಗ ಬಚಾವಾದೆ ಅನಿಸಿತು. ನನ್ನ ಮೇಲೆ ನನಗೇ ಬೇಸರ ಬಂದದ್ದು ಅದಕ್ಕೆ. ಬೇರೆ ಯಾರ ಮೇಲೂ ಅಲ್ಲ.

ಈ ಶುಕ್ರವಾರ ಚಾಚಿಯ ತಂಗಿಯ ಮಗಳು ಬ್ಯಾಡಗಿಯಿಂದ ಬರುತ್ತಾಳೆ. ಸೂಜಿಯ ಡಬ್ಬಿ, ಮಣಿ, ಜರಿ, ರೇಷ್ಮೆ ದಾರ ಎಲ್ಲ ಅವಳಿಗೆ ಕೊಟ್ಟು ಕಳಿಸುವುದಂತೆ. ಕಿಟಕಿಯ ಹತ್ತಿರದ ಮಣೆಯನ್ನೂ ಎತ್ತಿಟ್ಟಾಗಿದೆ. ನನ್ನ ಮಾತನ್ನು ಚಾಚಿ ಪ್ರೀತಿ ಅಂದುಕೊಳ್ಳುತ್ತಾರೆ. ನೀವು ಆ ಹಾರವನ್ನು ಕೊರಳಲ್ಲಿ ಹಾಕಿಕೊಂಡವರು, ಮೂವತ್ತು ವರ್ಷ ದೀಪದ ಶಾಖ ಉಂಡವರು. ನೀವು ಬಂದು ಹೇಳಿದರೆ ಅದು ಸಮಾಧಾನದ ಮಾತಾಗುವುದಿಲ್ಲ. ಬರಲಾಗದಿದ್ದರೆ ನಾಲ್ಕು ಸಾಲು ಬರೆದುಕೊಡಿ, ಮಲ್ಲಿಕಸಾಬರು ಓದಿ ಹೇಳುತ್ತಾರೆ. ಥ್ರೆಡ್ಡಿನಲ್ಲಿ ನನ್ನ ಹೆಸರು ಹಾಕಿ ಬೈದರೂ ಸರಿ. ನಲವತ್ತಮೂರು ಜನರೂ ಬೈಯಲಿ.

ಹಾಲೋಜನ್ ಅನ್ನು ಮಾಲತೇಶಪ್ಪನಿಗೆ ವಾಪಸ್ ಕೊಟ್ಟೆ. "ಅರಬಿ ಒಣಗಿದ್ವೇನು?" ಎಂದು ಕೇಳಿದ. ಒಣಗಿದವು ಎಂದೆ.

ನಿಮ್ಮ ಹದಿನಾಲ್ಕು ಪುಟವನ್ನು ಇನ್ನೂ ಎಸೆಯದ,
ಶ್ರೀದೇವಿ

ತಾ.ಕ.: 'ಸರಿ ಮಾಡಿ' ಎಂದು ಮೇಲೆ ಬರೆದೆನಲ್ಲ, ಹೇಗೆ ಎಂದು ಹೇಳಲಿಲ್ಲ. ತಮ್ಮನ ಶಾಲೆಯ ಅಂಟು ಹಚ್ಚಿ ಬಾಯಿ ಬಿಟ್ಟ ಕಾಯಿಗಳನ್ನು ಮುಚ್ಚಿದ್ದೆ. ಚಾಚಿ ಜೀವಮಾನದಲ್ಲಿ ಹಾರಕ್ಕೆ ಅಂಟು ಮುಟ್ಟಿಸಿದವರಲ್ಲ, ಕಂಡಿದ್ದರೆ ಆ ಕ್ಷಣವೇ ಎಲ್ಲ ತಿಳಿಯುತ್ತಿತ್ತು. ಅದಕ್ಕೇ, ಅವತ್ತು ಪೊಟ್ಟಣ ಬಿಚ್ಚಿದಾಗ ಅವರು ಚಷ್ಮಾ ಹುಡುಕಲು ಎದ್ದರು, ಅಷ್ಟರಲ್ಲಿ ಅಂಟು ಹಚ್ಚಿದ್ದ ಮೂರು ಕಾಯಿಗಳನ್ನು ನಾನು ಆರಿಸಿ ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಅವರು ಬೆಳಕಿಗೆ ಹಿಡಿದು ನೋಡಿದ್ದು ಉಳಿದವನ್ನು. ಆ ಮೂರನ್ನೂ ಉಳಿದ ಬಟರ್ ಪೇಪರಿನಲ್ಲಿ ಸುತ್ತಿ ಇದರೊಳಗೆ ಇಟ್ಟಿದ್ದೇನೆ. ಜೊತೆಗೆ ಒಂದು ಫೋಟೋದ ಪ್ರಿಂಟ್ ಇದೆ. ಸನ್ಮಾನದ ಭಾನುವಾರ ಸಂಜೆ ನಾನು ಥ್ರೆಡ್ಡಿಗೆ ಹಾಕಿದ್ದು, ಹತ್ತಿರದಿಂದ ತೆಗೆದ ಹನ್ನೆರಡು ಏಲಕ್ಕಿ ಕಾಯಿ. ಅದರ ಕೆಳಗೆ ಸೋಮವಾರ ನೀವು 'ಇದಕ್ಕ ಬೆಳಕು ಅಂತಾರ, ಎಲ್ಲಾರೂ ನೋಡಿ ಕಲೀರಿ' ಎಂದು ಬರೆದಿರಿ. ಹತ್ತು ನಿಮಿಷ ಬಿಟ್ಟು ಅದೇ ಹಾರಕ್ಕೆ 'ಕೈ ಹೋಗ್ಯಾವ' ಎಂದಿರಿ. ಎರಡನೇ ಸಾಲಿನ ಮೊದಲ ಮೂರು ಕಾಯಿ ನೋಡಿ, ಆಮೇಲೆ ನಿಮ್ಮ ಅಂಗೈಯಲ್ಲಿರುವ ಮೂರನ್ನು ನೋಡಿ. ಅವೇ ಇವು, ಫೋಟೋದಲ್ಲಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಇಲ್ಲಿಯವರೆಗೆ ಸುಮ್ಮನಿದ್ದವಳು ನಾನೊಬ್ಬಳೇ ಸರ್. ಶುಕ್ರವಾರದ ತನಕ ಇನ್ನು ಎಷ್ಟು ಜನ ಸುಮ್ಮನಿರುತ್ತೇವೆ?