ಕೂಟವನ್ನು ನನ್ನ ತಲೆಗೆ ಕಟ್ಟಿದ್ದಾರೆ

ಅಣ್ಣಾ,

ನೀನು ತೀರಿಕೊಂಡು ತಿಂಗಳಾಗಲಿಲ್ಲ, ಆಗಲೇ ನಿನ್ನ ಪ್ರಾರ್ಥನಾ ಕೂಟವನ್ನು ನನ್ನ ತಲೆಗೆ ಕಟ್ಟಿದ್ದಾರೆ. ನಿನ್ನ ಹತ್ತಿರವಿದ್ದ ಕೀರ್ತನೆ ಪುಸ್ತಕಗಳನ್ನು ಕೊಟ್ಟು ಬರೋಣವೆಂದು ಇವತ್ತು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಪ್ರಮೋದಿನಿ ಆಂಟಿಯ ಫ್ಲಾಟಿಗೆ ಹೋದದ್ದೇ ತಪ್ಪಾಯಿತು. ಇಲ್ಲಿಯ ಶುಕ್ರವಾರದ ರಜೆಯಲ್ಲವೇ, ಇಡೀ ಕೂಟ ಅಲ್ಲೇ ಇತ್ತು.

"ಇನ್ನು ನೀನೇ ನಡೆಸು, ಜಯಂತ. ಕರ್ತನು ಶಿಲುಬೆಗೇರಿದ ನಂತರ ಯೆರೂಸಲೇಮಿನ ಸಭೆ ನಡೆಸಿದ್ದು ಯಾರು? ಕರ್ತನ ತಮ್ಮ ಯಾಕೋಬ ಅಲ್ವಾ?" ಎಂದರು ಆಂಟಿ.

"ಆಂಟಿ, ನನಗೆ ಇದರಲ್ಲೆಲ್ಲ ನಂಬಿಕೆಯೇ ಇಲ್ಲ. ಅಣ್ಣನನ್ನು ಇಲ್ಲಿಗೆ ಬಿಟ್ಟು, ಕೆಳಗೆ ಕಾರಲ್ಲಿ ಎಸಿ ಹಾಕಿ ಕೂತ್ಕೊಳ್ತಿದ್ದವ ನಾನು."

"ಅದಕ್ಕೆಂತ ಈಗ? ಅಣ್ಣ ಬದುಕಿರುವಾಗ ಯಾಕೋಬನೂ ನಂಬಿದ್ದಿಲ್ಲ ಮಾರಾಯ!"

ಎಲ್ಲರೂ ಆಮೆನ್ ಎಂದರು. ಅಂದರೆ ನನಗೆ ನಂಬಿಕೆ ಇಲ್ಲದಿರುವುದೇ ಇವರಿಗೆ ನನ್ನ ಅರ್ಹತೆ! ಇಂಥವರ ಹತ್ತಿರ ಹೇಗೆ ವಾದ ಮಾಡುವುದು ಹೇಳು. ಆಫೀಸಿನಲ್ಲಾದರೆ ಇಲ್ಲಿಯ ಅರಬರ ಹಾಗೆ ಖಲಾಸ್, ಮುಗಿಯಿತು ಎಂದು ಎದ್ದು ಬರುತ್ತಿದ್ದೆ. ಇವರೋ ನನ್ನ ಮುಖದಲ್ಲಿ ನಿನ್ನನ್ನು ಹುಡುಕುತ್ತಾ ಕೂತಿದ್ದರು.

ಸಿಟ್ಟಿನಲ್ಲೇ ಮನೆಗೆ ಬಂದು, ಆ ಯಾಕೋಬ ಕೊನೆಗೆ ಹೇಗೆ ನಂಬಿದ ಎಂದು ನಿನ್ನ ಬೈಬಲಿನಲ್ಲಿ ಹುಡುಕಿದೆ. ಅದರ ಬಗ್ಗೆ ಇರುವುದು ಒಂದೇ ಮಾತು. ಸತ್ತ ಅಣ್ಣ ಎದ್ದು ಬಂದು ಅವನಿಗೆ ಕಾಣಿಸಿಕೊಂಡನಂತೆ.

ಹಾಗೆ ಬಂದರೆ ಯಾರು ತಾನೇ ನಂಬುವುದಿಲ್ಲ? ಬರುವ ಶುಕ್ರವಾರ ನಾನು ಅಲ್ಲಿ ಮಾತಾಡಬೇಕಂತೆ. ನೀನು ಒಂದು ಕನಸಿಗೂ ಬಂದಿಲ್ಲ.

ನಿನ್ನ ತಮ್ಮ