ಹಗೇವಿಗೆ ಇಳಿದವನು

ಮೇ ೭, ೨೦೦೧

ಆರನೇ ಅಧ್ಯಾಯ ಇವತ್ತೂ ಮುಗಿಯಲಿಲ್ಲ. ಹೆಣ ಇನ್ನೂ ಲಾಡ್ಜಿನ ರೂಮಿನಲ್ಲೇ ಬಿದ್ದಿದೆ. ಶಾಲೆಗೆ ರಜೆ, ಬೆಳಿಗ್ಗೆ ಬರೆಯೋಣ ಎಂದು ಕೂತರೆ ಅತ್ತೆ ಶ್ಯಾವಿಗೆ ಒಣಹಾಕಲು ಮಾಳಿಗೆ ಹತ್ತಿಸಿದರು. ಕೊಲೆಗಾರ ಕಾಯುತ್ತಾನೆ. ಶ್ಯಾವಿಗೆ ಕಾಯುವುದಿಲ್ಲ.

ಇವರು ಬೀಳಗಿ ಕಡೆ ಹೋದರು. ಮುಳುಗಡೆ ಊರುಗಳ ಮನೆಗಳನ್ನು ಇವರು ಪರಿಹಾರಕ್ಕೆಂದು ಅಳೆದು ಮುಗಿಸಿ ವರ್ಷವಾಯಿತು. ತಕರಾರು ಮುಗಿದಿಲ್ಲ.

ಮೇ ೧೦

ಮಧ್ಯಾಹ್ನ ಬಾಗಿಲಲ್ಲಿ ಪಿಎಸ್ಐ. "ಕಾದಂಬರಿ ಬರಿಯೋ ವೇದವ್ಯಾಸರು ಅದಾರೇನ್ರಿ?"

ಅತ್ತೆ ತಡವರಿಸಲಿಲ್ಲ. "ಅವರು ನನ್ನ ಬೀಗರು. ತೀರಿಕೊಂಡು ಭಾಳ ವರ್ಷ ಆತು. ಅವರ ಹೆಸರಿನ್ಯಾಗ ಕೊಲಿ ಮಾಡಾಕಿ ನಮ್ಮ ಸೊಸಿ."

ಪಿಎಸ್ಐ ಕೈಯಲ್ಲಿದ್ದ ಪುಸ್ತಕವನ್ನೂ ನನ್ನನ್ನೂ ಎರಡು ಸಲ ನೋಡಿದರು. ಹೆಂಗಸು ಬರೆದ ಕೊಲೆ ಯಾರು ಓದುತ್ತಾರೆ ಎಂದು ಪ್ರಕಾಶಕರು ಅಪ್ಪನ ಹೆಸರು ಹಾಕಿಸಿದ ಕತೆ ಹೇಳಬೇಕಾಯಿತು.

ಸಂಗತಿ ಹೀಗೆ. ಅನಗವಾಡಿ ಕಡೆ ಹೊಳೆಯ ನೀರು ಇಳಿದಿದೆ. ಹೋದ ಮಳೆಗಾಲ ಮುಳುಗಿದ ಊರು ಮತ್ತೆ ಮೇಲೆ ಬಂದಿದೆ. ಬಂದ ನೀರು ಇನ್ನು ಇಳಿಯುವುದಿಲ್ಲ, ಊರು ಕಾಯಂ ಹೋಯಿತು ಎಂದೇ ಎಲ್ಲರೂ ತಿಳಿದಿದ್ದರು, ನಾನೂ ಕಾದಂಬರಿಯೊಂದರಲ್ಲಿ ಹಾಗೇ ಬರೆದಿದ್ದೆ. ಜನ ಹಳೇ ಮನೆಗಳ ಕಲ್ಲು ತರಲು ಹೋಗಿದ್ದಾರೆ. ಒಂದು ಹಗೇವಿನ ಬಾಯಿಕಲ್ಲು ಎತ್ತಿದರೆ, ನೆಲದೊಳಗೆ ಜೋಳ ತುಂಬಿಡುವ ಆ ಗುಂಡಿಯಲ್ಲಿ, ಮನುಷ್ಯನ ಎಲುಬು. ಬೆಳ್ಳಿ ಉಡದಾರದಿಂದ ಗುರುತು ಹತ್ತಿತು. ಅಮಸಿದ್ದಪ್ಪ. ಗೋವಾಕ್ಕೆ ದುಡಿಯಲು ಹೋಗಿದ್ದಾನೆಂದು ಊರು ನಂಬಿತ್ತು.

ಹೊಲದ ಪಾಲಿಗೆ ಜಗಳಾಡಿದ್ದ ತಮ್ಮ ಭೀಮಪ್ಪನನ್ನು ಹಿಡಿದಿದ್ದಾರೆ. ಅವನ ಮನೆಯಲ್ಲಿ ನನ್ನ ಕಾದಂಬರಿ ಸಿಕ್ಕಿದೆ. ಅದರಲ್ಲೂ ಕೊಲೆ ಹೀಗೇ. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ. ತಿಳಿದವರು ಮೊದಲು ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಇಳಿಯುವುದಿಲ್ಲ. ನನ್ನ ಕೊಲೆಗಾರ ದೀಪವಿಲ್ಲದೆ ಇಳಿಸುತ್ತಾನೆ. ಗಾಯವಿಲ್ಲ, ಗುರುತಿಲ್ಲ.

"ಚಪ್ಪಲ್ ಸುದ್ದಾ ಹಂಗ ಅದಾವ್ರಿ ಬಾಯಾರ," ಎಂದರು ಪಿಎಸ್ಐ. "ಜ್ವಾಳದ ಮ್ಯಾಲ ಚಪ್ಪಲ್ ಕಾಲು ಇಡಂಗಿಲ್ಲ ಅಂತ ಮ್ಯಾಲ ಬಿಟ್ಟು ಇಳೀತಾನ, ಆಮ್ಯಾಲ ಅವನ್ನ ಹೆಣದ ಮ್ಯಾಲ ಒಗದು ಕಲ್ಲು ಮುಚ್ಚತಾರ. ನಿಮ್ಮ ಬುಕ್ಕಿನ್ಯಾಗ. ಇಲ್ಲೂ ಎಲುಬಿನ ಮ್ಯಾಲನ ಬಿದ್ದಿದ್ದುವು."

ಮೇ ೧೧

ಪೇಪರಿನಲ್ಲಿ ಬಂತು. 'ಕಾದಂಬರಿ ಕಲಿಸಿದ ಕೊಲೆ.' ಹೆಡ್ ಮೇಡಮ್ ಫೋನು. ಶಾಲೆಯ ಮರ್ಯಾದೆ ಇತ್ಯಾದಿ.

ಇಷ್ಟು ಕಾದಂಬರಿ ಬರೆದೆ, ಒಬ್ಬರೂ ವಿಮರ್ಶೆ ಬರೆಯಲಿಲ್ಲ. ಈಗ ಪೊಲೀಸರು ಪೆನ್ಸಿಲ್ಲಿನಿಂದ ಗೆರೆ ಎಳೆದು ಓದಿದ್ದಾರೆ. ಸ್ವಲ್ಪ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಡುಗೆ ಪುಸ್ತಕ ಕೊಂಡವರೆಲ್ಲ ಹೋಳಿಗೆ ಮಾಡುತ್ತಾರೆಯೇ? ಕೊಲ್ಲುವವನಿಗೆ ಪುಸ್ತಕ ಯಾಕೆ ಬೇಕು?

ಹೀಗೆಲ್ಲ ವಾದಿಸಿಕೊಂಡೆ. ಆದರೂ ಭೀಮಪ್ಪ ನಿಜಕ್ಕೂ ನನ್ನ ಪುಟ ಓದಿಯೇ ಮಾಡಿದ್ದರೆ... ಹೆದರಿಕೆಯಾಯಿತು.

ಮೇ ೧೩, ಭಾನುವಾರ

ಭೀಮಪ್ಪನ ಹೆಂಡತಿ ಕರೆವ್ವ ಬಂದಿದ್ದಳು. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ.

"ಬುಕ್ಕು ನಾ ತಂದಿದ್ದೆರಿ ಅಕ್ಕಾರ. ದೀಪಾವಳಿ ಮುಂದ, ಲೋಕಾಪುರ ಬಸ್ ಸ್ಟ್ಯಾಂಡಿನ್ಯಾಗ. ನಮ್ಮ ಭಾವ ಹೋಗಿದ್ದು ಪಂಚಮಿ ಮುಂದ, ನೀರು ಬಂದಾಗ. ಬುಕ್ಕು ಓದಿ ಹೆಂಗ ಮಾಡ್ತಾನ್ರಿ? ಹೇಳಿದ್ರ ಯಾರೂ ಕೇಳವಲ್ಲರು. ಬರದವರು ನೀವು. ನೀವು ಹೇಳ್ರಿ."

ಪಾಕೆಟ್ ಕಾದಂಬರಿಯಲ್ಲಿ ತಿಂಗಳು ಅಚ್ಚು ಹಾಕುವುದಿಲ್ಲ, ವರ್ಷ ಮಾತ್ರ. ಆದರೆ ನನಗೆ ಗೊತ್ತಲ್ಲ. ಬರೆದದ್ದು ಗಣೇಶನ ಹಬ್ಬ ಕಳೆದ ಮೇಲೆ. ಅಷ್ಟು ಹೊತ್ತಿಗೆ ಅಮಸಿದ್ದಪ್ಪ ನೀರಿನ ಕೆಳಗಿದ್ದ. ನನ್ನ ಪುಸ್ತಕ ನಿರಪರಾಧಿ! ನಾಳೆಯೇ ಹೋಗಿ ಹೇಳುತ್ತೇನೆ ಎಂದೆ. ಕರೆವ್ವ ಕಾಲು ಮುಟ್ಟಲು ಬಂದಳು.

ಇವರು ಒಳಗಿನಿಂದಲೇ, "ನೀ ಯಾಕ ಪೊಲೀಸ್ ಸ್ಟೇಷನ್ ಮೆಟ್ಲಾ ಹತ್ತತೀ? ಕೋರ್ಟ್ ನೋಡ್ಕೋತದ ಬಿಡು."

ಅದೇ ದಿನ, ಸಂಜೆ

ಭೀಮಪ್ಪನಿಗೆ ಪುಸ್ತಕ ಕಲಿಸಲಿಲ್ಲ. ಸರಿ. ಪುಸ್ತಕಕ್ಕೆ ಯಾರು ಕಲಿಸಿದರು?

ನಾನು ಜಮಖಂಡಿ ಪೇಟೆಯಲ್ಲಿ ಹುಟ್ಟಿದವಳು. ಹಗೇವು ಕಂಡವಳಲ್ಲ. ಆ ಕಾದಂಬರಿಗೆ ಗಾಯವಿಲ್ಲದ ಕೊಲೆ ಹುಡುಕುತ್ತಿದ್ದೆ. ಇವರು ರೊಟ್ಟಿ ಮುರಿಯುತ್ತಾ, "ಹಗೇವಿಗೆ ಇಳಸು," ಎಂದರು. ದೀಪ, ಗಾಳಿ, ಕಲ್ಲು, ನೀರು ಎಲ್ಲ ಹೇಳಿದರು. ನಾನು ಕೇಳದಿದ್ದರೂ ಚಪ್ಪಲಿಯನ್ನೂ ಹೇಳಿದರು. ಎಷ್ಟು ಛಲೋ ಕಲ್ಪನೆ ಇವರದು ಎಂದು ಅತ್ತೆಯ ಮುಂದೆ ಹೊಗಳಿದ್ದೆ.

ಮೇ ೧೮

ನಾಳೆಯೇ ಎಂದವಳು ಹೋಗಲಿಲ್ಲ. ಬರೆಯಲೂ ಇಲ್ಲ.

ಇವತ್ತು ಕೇಳಿದೆ. "ಅಮಸಿದ್ದಪ್ಪ ಗೊತ್ತಿದ್ನೇನ್ರಿ?"

"ಬಾಜೂದವರ ದನದ ಕೊಟ್ಟಿಗಿ ಮನಿ ಅಂತ ಬರದೀನಿ ಅಂತ ನನ್ನ ಮ್ಯಾಲ ಅರ್ಜಿ ಕೊಡಾಂವ ಇದ್ದ. ನೌಕರಿ ಹೋಗ್ತಿತ್ತು."

"ಅವಾ ಇಳದಾಗ ಅಲ್ಲೇ ಇದ್ರೇನು?"

ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. "ದೀಪಾ ತರ್ತೀನಿ ಅಂದ. ನೀರು ಬಂತು, ಜ್ವಾಳ ತಗ್ಯಾಕ ಹೊತ್ತಿಲ್ಲೋ, ಇಳಿ ಅಂದೆ. ಇಳದ."

ಆಮೇಲೆ ನನ್ನನ್ನೇ ತಪ್ಪಿತಸ್ಥೆ ಎಂಬಂತೆ ನೋಡಿದರು. "ಕತಿ ಅಂತ ಹೇಳಿದ್ದೆ ನಿನಗ. ನೀ ಇದ್ದದ್ದು ಇದ್ದಂಗ ಬರದಿ."

ಇಷ್ಟು ವರ್ಷ ಪಕ್ಕದಲ್ಲೇ ಕೂತು ಉಂಡ ಮನುಷ್ಯ. ಸಿಟ್ಟು ಬರಲಿಲ್ಲ. ಅಸಹ್ಯವಾಯಿತು, ಆಮೇಲೆ ಅಳು ಬಂತು.

ಮೇ ೧೯

ಸ್ಟೇಷನ್ನಿಗೆ ಹೋದೆ. ಯಾವಾಗ ಬರೆದೆ ಎಂದು ಹೇಳಿದೆ. ಪಿಎಸ್ಐ ತಲೆ ಕೆರೆದುಕೊಂಡರು. ಕೇಳಬಾರದೆಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡದ್ದನ್ನೇ ಕೇಳಿದರು.

"ಮತ್ತ ನಿಮಗ ಯಾರು ಹೇಳಿದ್ರು?"

ನಾನೇ ಕಲ್ಪಿಸಿಕೊಂಡೆ ಎನ್ನಬಹುದಿತ್ತು. ಕಾದಂಬರಿಕಾರ್ತಿ ಹಾಗೆಂದರೆ ಯಾರೂ ಬೇಡ ಎನ್ನುವುದಿಲ್ಲ. ಆದರೆ ಹೊರಗೆ ಬೇವಿನ ಗಿಡದ ಕೆಳಗೆ ಕರೆವ್ವ ಬುತ್ತಿಗಂಟು ಹಿಡಿದು ಕೂತಿದ್ದಳು. ಹೆಸರು ಹೇಳಿದೆ. ನನ್ನ ಬಾಯಿಂದಲೇ ಗಂಡನ ಹೆಸರು.

ನನ್ನನ್ನು ಜೀಪಿನಲ್ಲೇ ಮನೆಗೆ ಕರೆತಂದರು. ಇವರು ಊಟಕ್ಕೆ ಕೂತಿದ್ದಾರೆ. ಊಟ ಮುಗಿಯಲಿ ಎಂದು ಪಿಎಸ್ಐ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾರೆ. ಇವರು ಜೀಪನ್ನು ಕಿಟಕಿಯಿಂದ ನೋಡಿದರು. ನನ್ನನ್ನು ನೋಡಲಿಲ್ಲ. ಇನ್ನಷ್ಟು ಸಾರು ಹಾಕಿಸಿಕೊಂಡರು.

ಅತ್ತೆಗೆ ಏನೂ ಗೊತ್ತಿಲ್ಲ. ಮಗನಿಗೆ ತುಪ್ಪ ಬಡಿಸುತ್ತಾ ಕೂಗುತ್ತಿದ್ದಾರೆ, "ಮೃಣ್ಮಯಿ, ನಿನ್ನ ಕಾದಂಬರಿ ಮಂದಿ ಮತ್ತ ಬಂದಾರ ನೋಡು. ಚಹಾ ಆದ್ರೂ ಕೊಡು ಅವರಿಗೆ."

ಹೋಗಬೇಕು. ಮೊದಲು ಅತ್ತೆಯನ್ನು ಒಳಗೆ ಕರೆದು ಹೇಳಬೇಕು. ಹೇಗೆಂದರೆ, ಅತ್ತೇ, ಅವರು ಬಂದದ್ದು ನನ್ನ ಕಾದಂಬರಿಗಲ್ಲ, ನಿಮ್ಮ...