ಒಂದೇ ಸಾಲು ಬರೆದವರು

ಶುಕ್ರವಾರ, ಬೆಳಗ್ಗೆ

ಮುದ್ದಿನ ಮಗಳೇ,

ಸೋಮವಾರ ಬೆಳಗ್ಗೆ ಪ್ರಾರ್ಥನೆಯ ಮಧ್ಯದಲ್ಲೇ ನೀನು ಕೆಲಸ ಮಾಡುವ ಕಂಪನಿ ಅಂತರ್ಜಾಲದಲ್ಲಿರುವ ನಮ್ಮ ಪ್ರಾರ್ಥನೆಯ ಪುಟವನ್ನೂ ಅಲ್ಲಿ ದನಿಗೂಡಿಸಿದ ಎಲ್ಲರ ಖಾತೆಗಳನ್ನೂ ಮುಚ್ಚಿತು. ಕಾರಣ, 'ಸಂಘಟಿತ ವಂಚನೆ'ಯಂತೆ. ನಾನು ಒಂದೊಂದೇ ಸಾಲು ಓದುತ್ತೇನೆ, ಪ್ರತಿ ಸಾಲಿಗೂ ಉಳಿದವರು 'ನಮ್ಮ ಕೈ ಬಿಡಬೇಡ ದೇವರೇ' ಎಂದು ಬರೆಯುತ್ತಾರೆ. ಅಷ್ಟೂ ಜನ ಒಂದೇ ಗಳಿಗೆಯಲ್ಲಿ ಒಂದೇ ಮಾತು ಬರೆದದ್ದಕ್ಕೆ, ನಾವು ಮನುಷ್ಯರೇ ಅಲ್ಲ ಎಂದು ನಿಮ್ಮ ಯಂತ್ರ ತೀರ್ಮಾನಿಸಿತು. ಒಟ್ಟಾಗಿ ಒಂದೇ ಮಾತು ಬೇಡಿಕೊಳ್ಳುವುದನ್ನೇ ಅಲ್ಲವೇ ನಾವು ಪ್ರಾರ್ಥನೆ ಅಂದದ್ದು?

ಒಬ್ಬೊಬ್ಬರು ಒಂದೊಂದು ಥರ ಬರೆಯಿರಿ ಎಂದು ನೀನು ಫೋನಿನಲ್ಲಿ ಸಲಹೆ ಕೊಟ್ಟೆ. "ನಿನ್ನ ಖಾತೇನ ನಾನು ಕಂಪನಿ ಒಳಗಿಂದಾನೇ ಹೇಳಿ ತೆರೆಸ್ತೀನಿ, ಸುಮ್ನಿರಮ್ಮ" ಎಂದೂ ಅಂದೆ. ಬೇಡ ಎಂದಷ್ಟೇ ಹೇಳಿ ನಾನು ಫೋನು ಇಟ್ಟುಬಿಟ್ಟೆ.

ನಿನ್ನೆ ಟೈಲರಕ್ಕನ ಮನೆಗೆ ಹೋಗಿದ್ದೆ. ನಿನ್ನ ಶಾಲೆಯ ಬಟ್ಟೆಗಳನ್ನೆಲ್ಲ ಹೊಲಿದವಳು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ದನಿಯಿಲ್ಲ. ಬೆರಳಿನಿಂದಾದರೂ ಎಲ್ಲರ ಜೊತೆ ಪ್ರಾರ್ಥಿಸಬಹುದಾದ ಜಾಗ ಅವಳಿಗೆ ಅದೊಂದೇ. ಹೊಲಿಗೆ ಯಂತ್ರಕ್ಕೆ ಫೋನು ಒರಗಿಸಿಟ್ಟು, ತೆರೆಯದ ಪುಟವನ್ನೇ ನೋಡುತ್ತ ಕೂತಿದ್ದಳು. ನನ್ನನ್ನು ಕಂಡವಳೇ ಕತ್ತರಿಸಿಟ್ಟ ಕಪ್ಪು ಬಟ್ಟೆಯ ಮೇಲೆ ಚಾಕ್‌ನಿಂದ ಬರೆದಳು: "ನಾನೇನ್ ತಪ್ಪು ಬರ್ದೆ, ಟೀಚರಮ್ಮ?"

ಆ ಸಾಲನ್ನು ಹಾಗೆಯೇ ಬರೆದುಕೊಂಡು ಬಂದೆ.

ನೀನು ಹುಟ್ಟುವ ಮೊದಲು ನಮ್ಮ ಪ್ರಾರ್ಥನೆಯ ಕೋಣೆಗೆ ಒಬ್ಬ ಅಧಿಕಾರಿ ಬೀಗ ಹಾಕಿಸಿದ್ದ. ಆದರೂ ಆ ಪುಣ್ಯಾತ್ಮ ಬಾಗಿಲಲ್ಲಿ ನಿಂತು ಆದೇಶ ಓದಿದ, ನಿನ್ನ ಅಜ್ಜಿಯಿಂದ ಹೊಟ್ಟೆ ತುಂಬ ಬೈಸಿಕೊಂಡ, ಮರುವಾರ ತಾನೇ ಬಂದು ಬೀಗ ತೆಗೆದ. ನಿಮ್ಮಲ್ಲಿ ಬೈಸಿಕೊಳ್ಳುವುದಕ್ಕೂ ಒಬ್ಬ ಮನುಷ್ಯನಿಲ್ಲ. ಮನವಿ ಕಳಿಸಿ ಕನ್ನಡಕ ತೆಗೆದಿಡುವಷ್ಟರಲ್ಲಿ 'ಪರಿಶೀಲಿಸಲಾಗಿದೆ, ನಿರ್ಧಾರ ಬದಲಾಗದು' ಎಂದು ಬರುತ್ತದೆ. ಯಾರು ಪರಿಶೀಲಿಸಿದರು, ಏನನ್ನು ಓದಿದರು?

ನಿನ್ನ ಕೆಲಸಕ್ಕೆ ಕುತ್ತು ತರುವ ಆಸೆ ನನಗಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಿಸುವ ಹೊತ್ತಿಗೆ ನನ್ನ ಖಾತೆ ತೆರೆದುಕೊಂಡಿದೆ. ನನ್ನದು ಮಾತ್ರ. ಬೇಡವೆಂದರೂ ಕೇಳಲಿಲ್ಲ ನೀನು. ನಿನ್ನ ಅಕ್ಕರೆ ನನಗೆ ಅರ್ಥವಾಗುತ್ತದೆ. ನೀನು ಯಾರೆಂದು ತಿಳಿಯುವ ಮಾತುಗಳನ್ನೆಲ್ಲ ಬಿಟ್ಟು, ಟೈಲರಕ್ಕನ ಒಪ್ಪಿಗೆ ಪಡೆದು, ನಡೆದದ್ದನ್ನೂ ಅವಳ ಪ್ರಶ್ನೆಯನ್ನೂ ಆ ಖಾತೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದೇನೆ. ನಿಮ್ಮ ಕಂಪನಿ ಅದರ ಕೆಳಗೇ ಉತ್ತರ ಬರೆಯಲಿ.